ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್‌ಗೆ ಸ್ಪೆಲ್ಲಿಂಗು, ಗ್ರಾಮರು ನಿಜವಾಗ್ಲೂ ಅಷ್ಟು ಮುಖ್ಯನಾ? ಅನುಭವ ಇರೋರು ಹೇಳಿ

ಎಲ್ರಿಗೂ ನಮಸ್ಕಾರ. ತಂಗಿ ಬಿಎಸ್ಸಿ ಮುಗಿಸಿದಾಳೆ, ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಈಗ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೋರ್ಸ್ ಸೇರ್ತೀನಿ ಅಂತಿದಾಳೆ, ಅದೇ ಡಾಕ್ಟರ್ ಹೇಳಿದ ಆಡಿಯೋ ಕೇಳಿ ರಿಪೋರ್ಟ್ ಟೈಪ್ ಮಾಡೋ ಕೆಲಸ. ಇನ್‌ಸ್ಟಿಟ್ಯೂಟ್‌ನವರು "ಟೈಪಿಂಗ್ ಸ್ಪೀಡ್ ಇದ್ರೆ ಸಾಕು, ಸ್ಪೆಲ್ಲಿಂಗ್ ಎಲ್ಲ ಕಂಪ್ಯೂಟರೇ ನೋಡ್ಕೊಳ್ಳುತ್ತೆ" ಅಂದ್ರಂತೆ. ಫೀಸ್ ಕಟ್ಟೋ ಮುಂಚೆ ಕೇಳೋಣ ಅಂತ ಹಾಕ್ತಿದೀನಿ.

—

ಹಾಗಂದವರು ಒಂದಿನಾನೂ ಕ್ಯೂಎ (ಟೈಪ್ ಆದ ರಿಪೋರ್ಟಲ್ಲಿ ತಪ್ಪು ಹಿಡಿಯೋ ಕೆಲಸ) ಸೀಟಲ್ಲಿ ಕೂತಿರಲ್ಲ ಬಿಡಿ ಸರ್. ನಾನು ಬೆಂಗಳೂರಲ್ಲಿ ಅಮೆರಿಕದ ಆಸ್ಪತ್ರೆಗಳ ಫೈಲ್ ನೋಡ್ತಿದ್ದೋಳು, ಮೊದಲು ಟೈಪಿಂಗು, ಆಮೇಲೆ ಕ್ಯೂಎ. ಸ್ಪೆಲ್ ಚೆಕ್ ಹಿಡಿಯೋದು ಇಲ್ಲದ ಪದಾನ ಮಾತ್ರ. ಇರೋ ಪದಾನೇ ತಪ್ಪು ಜಾಗದಲ್ಲಿ ಕೂತ್ರೆ ಅದು ತೆಪ್ಪಗಿರುತ್ತೆ. ಇಲಿಯಮ್ ಅಂತ ಡಾಕ್ಟರ್ ಹೇಳ್ತಾರೆ, ಇಂಗ್ಲಿಷಲ್ಲಿ ನಡುವೆ 'ಇ' (e) ಅಕ್ಷರ ಹಾಕಿದ್ರೆ ಸಣ್ಣ ಕರುಳಿನ ಕೊನೆ ಭಾಗ, 'ಐ' (i) ಹಾಕಿದ್ರೆ ಸೊಂಟದ ಮೂಳೆ, ಕಿವಿಗೆ ಎರಡೂ ಒಂದೇ. ಡಿಸ್ಫೇಜಿಯಾ ಅಂದ್ರೆ ನುಂಗೋಕೆ ಕಷ್ಟ, ಡಿಸ್ಫೇಸಿಯಾ ಅಂದ್ರೆ ಮಾತಿಗೆ ತೊಂದ್ರೆ. ಹೈಡ್ರಾಕ್ಸಿಜೀನ್ ತುರಿಕೆ, ಆತಂಕಕ್ಕೆ ಕೊಡೋದು, ಹೈಡ್ರಾಲಜೀನ್ ಬಿಪಿಗೆ. ಮೈಯೆಲ್ಲ ತುರಿಕೆ ಅಂತ ಬಂದವರಿಗೆ ಕೊನೇಲಿ ಬಿಪಿ ಮಾತ್ರೆ ಟೈಪ್ ಆಗ್ತಿದೆ ಅಂದ್ರೆ ಅಲ್ಲೇ ಕೈ ನಿಲ್ಲಬೇಕು, ಆಡಿಯೋ ಓಡಿಸೋ ಕಾಲಿನ ಪೆಡಲ್ ಹಿಂದಕ್ಕೊತ್ತಿ ಇನ್ನೊಂದ್ಸಲ ಕೇಳಬೇಕು. ಅಂದ್ರೆ ಸ್ಪೆಲ್ಲಿಂಗ್ ಬರಬೇಕು ಅಂದ್ರೆ ಬರೀ ಉರು ಹೊಡೆದ್ರೆ ಆಗಲ್ಲ, ರಿಪೋರ್ಟ್ ಅರ್ಥ ಆಗಬೇಕು.

ಗ್ರಾಮರ್ ಬಗ್ಗೆ ಜನ ಇನ್ನೂ ಹಗುರವಾಗಿ ಮಾತಾಡ್ತಾರೆ. ಡಾಕ್ಟರ್‌ಗಳು ಉಸಿರೇ ಬಿಡ್ದೆ ಹೇಳ್ಕೊಂಡು ಹೋಗ್ತಾರೆ, ಕೆಲವರು ಊಟ ಮಾಡ್ತಾನೇ ಡಿಕ್ಟೇಟ್ ಮಾಡ್ತಾರೆ, ಚಮಚದ ಸದ್ದೂ ಕೇಳ್ಸುತ್ತೆ. "ನೋ ಫೀವರ್ ಕಾಫ್ ಫಾರ್ ಟೂ ವೀಕ್ಸ್" ಅಂತ ಒಂದೇ ಗುಕ್ಕಲ್ಲಿ ಬರುತ್ತೆ. ಫೀವರ್ ಆದ್ಮೇಲೆ ಫುಲ್‌ಸ್ಟಾಪ್ ಇಟ್ರೆ ಜ್ವರ ಇಲ್ಲ, ಕೆಮ್ಮು ಎರಡು ವಾರದಿಂದ ಇದೆ. ಕಾಮಾ ಇಟ್ರೆ ಕೆಮ್ಮೂ ಇಲ್ಲ ಅನ್ನೋ ಹಂಗೆ ಓದುತ್ತೆ. ಒಂದು ಚುಕ್ಕಿಗೆ ಪೇಷಂಟ್ ಕಾಯಿಲೆನೇ ಮಾಯ.

ನಂಬರ್ ವಿಷಯ ಅಂತೂ ಕೇಳ್ಲೇಬೇಡಿ. ಅಮೆರಿಕದಲ್ಲಿ ಆಸ್ಪತ್ರೆಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡೋ ಜಾಯಿಂಟ್ ಕಮಿಷನ್ ಬರೀಬಾರದ ಶಾರ್ಟ್‌ಫಾರ್ಮ್‌ಗಳ ಪಟ್ಟೀನೇ ಇಟ್ಟಿದೆ. ಯೂನಿಟ್ ಅನ್ನೋಕೆ ಬರೀ 'ಯು' ಹಾಕಂಗಿಲ್ಲ, ಸೊನ್ನೆ ಥರ ಕಾಣುತ್ತೆ. 5.0 ಅಂತ ಬರೀಬಾರದು, ಚುಕ್ಕಿ ಕಾಣ್ದಿದ್ರೆ 50 ಆಗುತ್ತೆ. .5 ಅಂತಾನೂ ಇಲ್ಲ, 0.5 ಅಂತಾನೇ ಬರೀಬೇಕು. ಅತಿ ಅನ್ಸುತ್ತಲ್ವಾ? ಅಲಬಾಮಾದಲ್ಲಿ 2008ರಲ್ಲಿ ಒಬ್ರ ಡಿಸ್ಚಾರ್ಜ್ ಸಮ್ಮರೀಲಿ ಇನ್ಸುಲಿನ್ 8 ಯೂನಿಟ್ ಇರಬೇಕಾದ ಕಡೆ 80 ಅಂತ ಟೈಪ್ ಆಗಿತ್ತು, ಅದನ್ನ ನೋಡಿ ಇಂಜೆಕ್ಷನ್ ಕೊಟ್ರು, ಆಯಮ್ಮ ತೀರ್ಕೊಂಡ್ರು. 2012ರಲ್ಲಿ ಅಲ್ಲಿನ ಜ್ಯೂರಿ 14 ಕೋಟಿ ಡಾಲರ್ ಪರಿಹಾರ ಅಂತ ತೀರ್ಪು ಕೊಡ್ತು. ಆ ಟ್ರಾನ್ಸ್‌ಕ್ರಿಪ್ಷನ್ ಆಗಿದ್ದು ಇಂಡಿಯಾದಲ್ಲಿ. ಇದನ್ನ ಆ ಇನ್‌ಸ್ಟಿಟ್ಯೂಟ್‌ನವರಿಗೆ ಹೇಳಿ.

—

ಅಣ್ಣಾರ, ಕನ್ನಡ ಮೀಡಿಯಂ ಅಂತ ಹೆದರಬ್ಯಾಡ್ರಿ, ನಾನೂ ಕನ್ನಡ ಸಾಲ್ಯಾಗ ಕಲ್ತಾಕಿನ. ಮೆಡಿಕಲ್ ಪದ ಇಂಗ್ಲಿಷ್ ಮೀಡಿಯಂನವ್ರಿಗೂ ಹೊಸಾವ. ಅಡಚಣಿ ಎಲ್ಲಿ ಬರ್ತೈತಿ ಅಂದ್ರ, ನಾವು ಕಲಿಯೋದು ಬ್ರಿಟಿಷ್ ಸ್ಪೆಲ್ಲಿಂಗ್. ಅನೀಮಿಯಾ, ಹೀಮೋಗ್ಲೋಬಿನ್ ಎಲ್ಲಾದ್ರಾಗೂ 'ಎ' ಮುಂದ 'ಇ' ಹಾಕಿ ರೂಢಿ, ಅಮೆರಿಕದವ್ರು ಬರೀ 'ಇ' ಬರೀತಾರ. ಈಡಿಮಾ ಬರಿಯೋವಾಗ ಮುಂದಿನ 'ಒ' ತಗೀಬೇಕು. ಮತ್ತ ನಾವು ಮಾತಾಡೋವಾಗ 'ಎ', 'ದಿ' ನುಂಗಿಬಿಡ್ತೀವಿ, ಭಾಳ ಡಾಕ್ಟರೂ ಹಂಗ ನುಂಗ್ತಾರ, ಅವನ್ನ ನಾವ ಕೂಡಿಸ್ಬೇಕಾಗ್ತದ. ತಂಗಿಗೆ ದಿನಾ ಒಂದೆರಡು ಹಳೇ ಸ್ಯಾಂಪಲ್ ರಿಪೋರ್ಟ್ ಓದಾಕ ಹೇಳ್ರಿ, ಗ್ರಾಮರ್ ಪುಸ್ತಕಕ್ಕಿಂತ ಅದ ಛಲೋ.

—

ಈಗಿನ ಪರಿಸ್ಥಿತಿನೂ ಒಂದ್ಮಾತು ಹೇಳ್ತೀನಿ. ಪೂರ್ತಿ ಟೈಪ್ ಮಾಡೋ ಕೆಲಸ ತುಂಬಾ ಕಮ್ಮಿ ಆಗಿದೆ, ಸಾಫ್ಟ್‌ವೇರೇ ಬರ್ದಿರುತ್ತೆ, ನಾವು ಆಡಿಯೋ ಕೇಳ್ತಾ ತಿದ್ದಬೇಕು. ಸುಲಭ ಅಂದ್ಕೋಬೇಡಿ, ನನಗೆ ಕೇಳಿದ್ರೆ ಇದೇ ಕಷ್ಟ. ಮಷೀನ್ ಬರೆದಿದ್ದು ಓದೋಕೆ ನುಣ್ಣಗಿರುತ್ತೆ, ವಾಕ್ಯ ಎಲ್ಲ ಸರಿ, ಒಂದು 'ನಾಟ್' ಮಾತ್ರ ಹಾರಿಹೋಗಿರುತ್ತೆ, ಹೈಪೋ (ಕಮ್ಮಿ) ಇದ್ದಿದ್ದು ಹೈಪರ್ (ಜಾಸ್ತಿ) ಆಗಿರುತ್ತೆ, ಫಿಫ್ಟೀನು ಫಿಫ್ಟಿ ಆಗಿರುತ್ತೆ. ಕಣ್ಣು ಓದಿ ಮುಂದಕ್ಕೆ ಹೋಗಿಬಿಡುತ್ತೆ. ಹಾಗಾಗಿ ಸ್ಪೀಡ್‌ಗೆ ಬೆಲೆ ಇಳಿದು ಭಾಷೆ ಗೊತ್ತಿರೋರಿಗೆ ಬೆಲೆ ಜಾಸ್ತಿ ಆಗಿದೆ. ಆದ್ರೆ ಕೆಲಸಗಳ ಸಂಖ್ಯೆ ಮುಂಚಿನಷ್ಟಿಲ್ಲ, ಅದನ್ನೂ ತಂಗಿಗೆ ಹೇಳಿಬಿಡಿ, ಸಾಲ ಗೀಲ ಮಾಡಿ ಸೇರಿಸ್ಬೇಡಿ.

—

ಎಲ್ರಿಗೂ ಥ್ಯಾಂಕ್ಸ್. ಒಂದು ಡೌಟು, ಎಷ್ಟು ಸಲ ಕೇಳಿದ್ರೂ ಗೊತ್ತಾಗಲಿಲ್ಲ ಅಂದ್ರೆ ಏನ್ಮಾಡ್ತಾರೆ? ಲೈನ್ ಲೆಕ್ಕದಲ್ಲಿ ದುಡ್ಡು ಅಂತಾರಲ್ಲ, ಬಿಟ್ರೆ ಕಟ್ ಆಗಲ್ವಾ?

—

(ಮೇಲೆ ಬರೆದ ಕ್ಯೂಎ) ಬ್ಲ್ಯಾಂಕ್ ಬಿಟ್ಟು, ಆಡಿಯೋದಲ್ಲಿ ಎಷ್ಟನೇ ನಿಮಿಷ ಅಂತ ನೋಟ್ ಹಾಕಿ ಕಳಿಸ್ತಾರೆ ಸರ್. ಸಾಮಾನ್ಯವಾಗಿ 65 ಅಕ್ಷರಕ್ಕೆ ಒಂದು ಲೈನ್ ಅಂತ ಲೆಕ್ಕ, ಒಂದು ಪದ ಬಿಟ್ರೆ ಏನೂ ಮುಳುಗಲ್ಲ. ಊಹೆ ಮಾಡಿ ತುಂಬಿಸಿದ್ರೆ ಮಾತ್ರ ನಾವು ಕ್ಯೂಎನಲ್ಲಿ ಬಿಡ್ತಿರ್ಲಿಲ್ಲ, ಔಷಧಿ ಹೆಸರು, ಡೋಸು, ಎಡ-ಬಲ ತಪ್ಪಿದ್ರೆ ಕ್ರಿಟಿಕಲ್ ಎರರ್, ಸ್ಕೋರ್ ನೆಲ ಕಚ್ಚೋದು. ಡಾಕ್ಟರೇ ಮೊದಲು ಬಲಗಾಲು ಅಂದು ಆಮೇಲೆ ಎಡಗಾಲು ಅಂದ್ರೂ ನಾವೇ ತಿದ್ದಂಗಿಲ್ಲ, ಫ್ಲ್ಯಾಗ್ ಮಾಡಿ ಅವರಿಗೇ ಕೇಳಬೇಕು. ಫೀಸ್ ಕಟ್ಟೋ ಮುಂಚೆ ಆ ಇನ್‌ಸ್ಟಿಟ್ಯೂಟಲ್ಲಿ ಡೆಮೋ ಕ್ಲಾಸ್ ಕೇಳಿ, ಬೇರೆ ಬೇರೆ ಆಕ್ಸೆಂಟಿನ ಆಡಿಯೋ ಕೊಟ್ಟು, ಟೈಪ್ ಮಾಡಿದ್ದನ್ನ ಸಾಲು ಸಾಲು ತಿದ್ದಿ ವಾಪಸ್ ಕೊಡ್ತಾರಾ ನೋಡಿ. ಬರೀ ಟೈಪಿಂಗ್ ಟ್ಯೂಟರ್ ಮುಂದೆ ಕೂರಿಸಿದ್ರೆ ಎದ್ದು ಬನ್ನಿ.