ಮೂಳೆ ಕೂಡಿದೆ ಎನ್ನುತ್ತಾರೆ, ನನಗೆ ಮಾತ್ರ ಗುಣವಾದಂತೆ ಅನಿಸುತ್ತಿಲ್ಲ

ಪ್ರಶ್ನೆ
ಒಂಬತ್ತು ತಿಂಗಳ ಹಿಂದೆ ನನ್ನ ಬಲಗಾಲಿನ ಹರಡಿನ (ಪಾದ ಕೂಡುವ ಕೀಲಿನ) ಬಳಿ ಎರಡು ಕಡೆ ಮೂಳೆ ಮುರಿದು, ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು, ಸ್ಕ್ರೂ ಹಾಕಿದ್ದಾರೆ. ಕಳೆದ ವಾರ ಎಕ್ಸ್‌ರೇ ನೋಡಿದ ವೈದ್ಯರು ಮೂಳೆ ಅಚ್ಚುಕಟ್ಟಾಗಿ ಕೂಡಿದೆ, ಇನ್ನು ಬರಬೇಕಾಗಿಲ್ಲ ಎಂದರು. ಆದರೆ ಮೆಟ್ಟಿಲು ಇಳಿಯುವಾಗ ನಾನು ಈಗಲೂ ಕಂಬಿ ಹಿಡಿದು, ಮೈಯನ್ನು ಓರೆ ಮಾಡಿ, ಪ್ರತಿ ಮೆಟ್ಟಿಲಿಗೂ ಎರಡು ಕಾಲು ಊರಿಯೇ ಇಳಿಯುತ್ತೇನೆ. ಸಂಜೆಯ ಹೊತ್ತಿಗೆ ಕಾಲುಚೀಲದ ಅಂಚು ಬಾವಿನ ಮೇಲೆ ಬಳೆಯಂತೆ ಅಚ್ಚೊತ್ತಿರುತ್ತದೆ. ಆಸ್ಪತ್ರೆಯವರು ಕೊಟ್ಟ ಅಭಿಪ್ರಾಯದ ಹಾಳೆಯಲ್ಲಿ ‘ತೃಪ್ತಿಯಾಗಿದೆಯೇ’ ಎಂಬ ಪ್ರಶ್ನೆಗೆ ಏನು ಗುರುತು ಹಾಕಬೇಕೆಂದು ತಿಳಿಯದೆ ಖಾಲಿ ಬಿಟ್ಟು ಬಂದೆ. ನನ್ನ ನಿರೀಕ್ಷೆಯೇ ಅತಿಯಾಯಿತೇ?

ಉತ್ತರ 1
ನಾನು ಫಿಸಿಯೋಥೆರಪಿಸ್ಟ್. ನಿಮ್ಮ ನಿರೀಕ್ಷೆ ಅತಿಯಾಗಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಬಿಗಿದುಕೊಂಡ ಕೀಲು, ಪ್ಲಾಸ್ಟರಿನೊಳಗೆ ಸೊರಗಿದ ಮೀನಖಂಡ, ಕಾಲೂರಲು ಅಂಜುವ ಮನಸ್ಸು ಕಾಣುವುದಿಲ್ಲ. ಮೆಟ್ಟಿಲು ಇಳಿಯುವಾಗ ಹಿಂದಿನ ಕಾಲಿನ ಹರಡು ಚೆನ್ನಾಗಿ ಬಾಗಬೇಕು, ಅದೇ ಹೊತ್ತಿಗೆ ಮೀನಖಂಡ ಮೈಭಾರವನ್ನು ತಡೆದು ನಿಧಾನವಾಗಿ ಬಿಡಬೇಕು. ಎರಡರಲ್ಲಿ ಒಂದು ಕಡಿಮೆಯಾದರೂ ಮೈ ತಾನಾಗಿಯೇ ಓರೆಯಾಗುತ್ತದೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ ಮೊಣಕಾಲನ್ನು ಗೋಡೆಗೆ ತಾಗಿಸಿ; ಹೆಬ್ಬೆರಳು ಗೋಡೆಯಿಂದ ಎಷ್ಟು ದೂರವಿರುವವರೆಗೆ ಅದು ಸಾಧ್ಯವೆಂದು ಎರಡೂ ಕಾಲಿನಲ್ಲಿ ಅಳೆದು ನೋಡಿ; ದೂರ ಕಡಿಮೆ ಬಂದ ಕಾಲಿನ ಹರಡು ಬಿಗಿದಿದೆ ಎಂದರ್ಥ. ಸಂಜೆಯ ಬಾವು ಇಂಥ ಮುರಿತದ ನಂತರ ವರ್ಷದವರೆಗೂ ಉಳಿಯುವುದುಂಟು, ಅದನ್ನು ಮೊದಲೇ ಹೇಳಿದ್ದರೆ ನಿಮಗೆ ಇಷ್ಟು ಕಳವಳ ಆಗುತ್ತಿರಲಿಲ್ಲ.

ಉತ್ತರ 2
ಆ ಹಾಳೆಯ ಪ್ರಶ್ನೆಯೇ ಒರಟಾದದ್ದು. ಆರೈಕೆಯ ಬಗೆಗಿನ ತೃಪ್ತಿ ಬೇರೆ, ಚೇತರಿಕೆಯ ಬಗೆಗಿನ ತೃಪ್ತಿ ಬೇರೆ. ದಾದಿಯರ ಸೌಜನ್ಯಕ್ಕೆ ಪೂರ್ಣ ಅಂಕ ಕೊಟ್ಟವರು ಕಾಲಿನ ಬಗ್ಗೆ ಬೇಸರಪಡಬಹುದು. 1999ರಲ್ಲಿ ಪ್ರಕಟವಾದ ಎಸ್‌ಎಂಎಫ್‌ಎ ಎಂಬ, ಮೂಳೆ-ಸ್ನಾಯುಗಳ ತೊಂದರೆ ಇರುವವರಿಗಾಗಿ ರಚಿಸಿದ ಪ್ರಶ್ನಾವಳಿಯಲ್ಲಿ 46 ಪ್ರಶ್ನೆಗಳಿದ್ದು, 34 ಪ್ರಶ್ನೆಗಳು ಏನು ಮಾಡಲು ಕಷ್ಟ ಎಂಬುದನ್ನೂ ಉಳಿದ 12 ಆ ಕಷ್ಟ ನಿಮ್ಮನ್ನು ಎಷ್ಟು ಬಾಧಿಸುತ್ತಿದೆ ಎಂಬುದನ್ನೂ ಕೇಳುತ್ತವೆ. ಈ ವಿಂಗಡಣೆ ನನಗೆ ಬಹಳ ಹಿಡಿಸುತ್ತದೆ, ಏಕೆಂದರೆ ಒಂದೇ ಬಿಗಿತ ಕುಳಿತು ಬರೆಯುವವರಿಗೆ ಲೆಕ್ಕಕ್ಕಿಲ್ಲ, ಏಣಿ ಹತ್ತಿ ಬಣ್ಣ ಬಳಿಯುವವರಿಗೆ ಅನ್ನದ ಪ್ರಶ್ನೆ. ಅಮೆರಿಕದಲ್ಲಿ ಗಂಭೀರ ಗಾಯಗಳಿಗೆ ಚಿಕಿತ್ಸೆ ನೀಡುವ 8 ಕೇಂದ್ರಗಳಲ್ಲಿ ಕಾಲಿಗೆ ತೀವ್ರ ಪೆಟ್ಟಾದವರನ್ನು ಹಿಂಬಾಲಿಸಿದ ಲೀಪ್ ಅಧ್ಯಯನದ 2008ರ ವರದಿಯಲ್ಲಿ, ಎರಡು ವರ್ಷಗಳ ನಂತರದ ತೃಪ್ತಿಗೂ ಗಾಯದ ಸ್ವರೂಪಕ್ಕೂ ಚಿಕಿತ್ಸೆಯ ಬಗೆಗೂ ನಂಟು ಕಾಣಲಿಲ್ಲ. ನಂಟು ಕಂಡದ್ದು ನೋವು, ಖಿನ್ನತೆ, ನಡೆಯುವ ವೇಗ, ಕೆಲಸಕ್ಕೆ ಮರಳಿದ್ದು ಇಂಥವುಗಳಿಗೆ.

ಉತ್ತರ 3
ಮೇಲಿನದನ್ನು ಒಪ್ಪುತ್ತೇನೆ, ಆದರೆ ಖಿನ್ನತೆಯ ಹೆಸರೆತ್ತಿದೊಡನೆ ‘ಎಲ್ಲ ಮನಸ್ಸಿನಲ್ಲಿದೆ’ ಎಂದು ರೋಗಿಯನ್ನು ಸಾಗಹಾಕುವವರಿದ್ದಾರೆ. ನನ್ನನ್ನೂ ಹಾಗೆ ಕಳುಹಿಸಿದ್ದರು, ಕೊನೆಗೆ ಚರ್ಮದಡಿ ಎದ್ದಿದ್ದ ಒಂದು ಸ್ಕ್ರೂ ತೆಗೆದ ಮೇಲೆ ಬೂಟು ಹಾಕಲು ಸಾಧ್ಯವಾಯಿತು. ಕೀಲಿನ ಮೃದ್ವಸ್ಥಿಗೆ (ಮೂಳೆಯ ತುದಿಯ ನುಣುಪಾದ ಹೊದಿಕೆಗೆ) ಆದ ಏಟು ಸಾಮಾನ್ಯ ಎಕ್ಸ್‌ರೇಯಲ್ಲಿ ತಪ್ಪಿಸಿಕೊಳ್ಳಬಹುದು. ನೋವು ಒಂದೇ ಬಿಂದುವಿನಲ್ಲಿದ್ದರೆ, ದಿನದಿನಕ್ಕೆ ಹೆಚ್ಚುತ್ತಿದ್ದರೆ, ಅಥವಾ ಚರ್ಮ ಕೆಂಪಾಗಿ ಬಿಸಿಯಾದರೆ ಮತ್ತೆ ತೋರಿಸಲೇಬೇಕು. ಹೋದಾಗ ‘ನೋವಿದೆ’ ಎನ್ನುವ ಬದಲು ‘ಕಂಬಿ ಹಿಡಿಯದೆ ಇಳಿಯಲಾಗುತ್ತಿಲ್ಲ, ಅಷ್ಟಾದರೆ ನನಗೆ ಸಾಕು’ ಎನ್ನಿ. ನನ್ನ ಅನುಭವದಲ್ಲಿ ಅಂಥ ಮಾತಿಗೆ ವೈದ್ಯರು ಕಾಗದದಿಂದ ತಲೆ ಎತ್ತುತ್ತಾರೆ.

ಪ್ರಶ್ನೆ ಕೇಳಿದವರಿಂದ
ಗೋಡೆಯ ಬಳಿ ಅಳೆದೆ: ಎಡಗಾಲು 11 ಸೆಂಟಿಮೀಟರ್, ಬಲಗಾಲು 4. ಒಂದೇ ಬಿಂದುವಿನ ನೋವಿಲ್ಲ, ಮುಂಭಾಗದಲ್ಲಿ ಬಿಗಿತವಷ್ಟೇ. ಈ ಎರಡು ಅಂಕೆಗಳನ್ನು ಬರೆದುಕೊಂಡು ಸೋಮವಾರ ಫಿಸಿಯೋಥೆರಪಿಗೆ ಹೋಗುತ್ತೇನೆ.