ಅನುಭವ: ಪಹಣಿ ತಕರಾರಿನಲ್ಲಿ ಈ ಪದಕ್ಕೆ ಏನರ್ಥ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು. ಅಪರೂಪದ್ದೇನಲ್ಲ, ದಿನಾ ಬಳಸುವ "ಅನುಭವ".

ನಮ್ಮದು ತುಮಕೂರು ಜಿಲ್ಲೆ, ಕೊರಟಗೆರೆ ಕಡೆ. ತಾತನ ಹೆಸರಲ್ಲಿ 2 ಎಕರೆ 10 ಗುಂಟೆ ಖುಷ್ಕಿ (ಮಳೆ ನಂಬಿದ ಹೊಲ) ಇದೆ. ಅದನ್ನು ಮಾಡಿಕೊಂಡು ಬಂದಿರುವುದು ಚಿಕ್ಕಮ್ಮ. ರಾಗಿ, ನಡುವೆ ಅವರೆ ಸಾಲು, ಬದುವಿನ ಮೇಲೆ ಎರಡು ಹುಣಸೆಮರ. ತಾತ ಹೋದ ಮೇಲೆ ದೊಡ್ಡಪ್ಪನ ಮಗ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ, ಅರ್ಜಿ ಕೊಟ್ಟ. ವಂಶವೃಕ್ಷದಲ್ಲಿ ಇರುವ ಎಲ್ಲರ ಹೆಸರೂ ಜಂಟಿಯಾಗಿ ಬರಲಿ ಅಂತ. ಚಿಕ್ಕಮ್ಮ ತಕರಾರು ಹಾಕಿದರು. ಬಾಯಿಮಾತಲ್ಲೇ ಭಾಗ ಆಗಿದೆ, ಈ ಹೊಲ ನಮ್ಮ ಪಾಲಿಗೆ ಬಂದದ್ದು ಅನ್ನುವುದು ಅವರ ಮಾತು. ಪಾರಿಖತ್ತು (ಭಾಗದ ಪತ್ರ) ಮಾತ್ರ ಇಲ್ಲ.

ತಹಶೀಲ್ದಾರರ ಆದೇಶ ಬಂತು, ನಾಲ್ಕು ಪುಟ. ಮೂರನೇ ಪುಟದಲ್ಲಿ ಹೀಗಿತ್ತು: "ಸದರಿ ಜಮೀನು ತಕರಾರುದಾರರ ಸ್ವಾಧೀನಾನುಭವದಲ್ಲಿರುವುದು ಸ್ಥಳ ಮಹಜರಿನಿಂದ ಕಂಡುಬಂದಿರುತ್ತದೆ." ಊರಲ್ಲಿ ಓದಿ ಹೇಳಿದವರು "ಅನುಭವ ನಿಮ್ದೇ ಅಂತ ಬರ್ದವ್ರೆ ಕಣಮ್ಮ" ಅಂದರು. ಚಿಕ್ಕಮ್ಮ ಗೆದ್ದೆ ಅಂದುಕೊಂಡು ದೇವರಿಗೆ ಹಣ್ಣುಕಾಯಿ ಮಾಡಿಸಿದರು. ನಾಲ್ಕನೇ ಪುಟ ಯಾರೂ ತಿರುವಿ ನೋಡಿರಲಿಲ್ಲ. ಅಲ್ಲಿ ತಕರಾರು ವಜಾ, ಪೌತಿ ಖಾತೆ ಜಂಟಿಯಾಗಿ ಮಂಜೂರು. ಭಾಗದ ಹಕ್ಕನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತು ಮಾಡಿಕೊಳ್ಳತಕ್ಕದ್ದು ಅಂತ ಕೊನೆ ಸಾಲು.

ನನ್ನ ತಂಗಿ ಮಗ ಬೆಂಗಳೂರಲ್ಲಿ ಆ ಮೂರನೇ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಇಂಗ್ಲಿಷಿಗೆ ತಿರುಗಿಸಿದ. ಅದು ಚಿಕ್ಕಮ್ಮನಿಗೆ ಜಮೀನಿನಲ್ಲಿ ಒಳ್ಳೆ 'ಎಕ್ಸ್‌ಪೀರಿಯನ್ಸ್' ಇದೆ ಅಂತ ಬಯೋಡೇಟಾ ಥರ ಬರೆದುಕೊಟ್ಟಿತು. ನಕ್ಕೆವು. ಆದರೆ ಯಂತ್ರ ಎಡವಿದ ಜಾಗದಲ್ಲೇ ಊರಿನವರೂ ಎಡವಿದ್ದರು, ಅಲ್ವಾ?

ನನಗೆ ತಿಳಿದ ಮಟ್ಟಿಗೆ ಹೇಳ್ತೀನಿ, ತಪ್ಪಿದ್ದರೆ ತಿದ್ದಿ. ನಮ್ಮ ಕಡೆ "ಖಾತೆ ನಮ್ದು, ಅನುಭವ ಅವ್ರದು" ಅಂತ ಒಂದು ಮಾತಿದೆ. ಖಾತೆ ಅಂದರೆ ಕಂದಾಯ ಯಾರ ಲೆಕ್ಕಕ್ಕೆ ಅನ್ನುವುದು. ಪಹಣಿಯ 9ನೇ ಕಾಲಂ. ಅನುಭವ ಅಂದರೆ ಬೆಳೆ ಯಾರ ಮನೆಗೆ ಅನ್ನುವುದು. ಸಾಗುವಳಿದಾರರ ಹೆಸರು ಬರುವುದು 12ನೇ ಕಾಲಂನಲ್ಲಿ. ಇವೆರಡೂ ಅಲ್ಲದ ಮೂರನೆಯದು ಹಕ್ಕು. ಅದನ್ನು ತೀರ್ಮಾನ ಮಾಡುವ ಅಧಿಕಾರ ತಹಶೀಲ್ದಾರರಿಗೆ ಇಲ್ಲ. 1964ರ ಭೂ ಕಂದಾಯ ಕಾಯ್ದೆಯ 129ನೇ ಕಲಂ ಪ್ರಕಾರ ತಕರಾರು ಬಂದರೆ ಅದನ್ನು ಬೇರೆ ವಹಿಯಲ್ಲಿ ದಾಖಲು ಮಾಡಿ, ಎರಡೂ ಕಡೆಯವರನ್ನು ಕೇಳಿ, ದಾಖಲೆಯಲ್ಲಿ ಯಾರ ಹೆಸರು ಇರಬೇಕು ಅಂತಷ್ಟೇ ಹೇಳುತ್ತಾರೆ. ಆ ನಮೂದು ಸುಳ್ಳು ಅಂತ ಸಾಬೀತಾಗುವ ತನಕ ನಿಜ ಅಂತಲೇ ಲೆಕ್ಕ, ಅದು 133ನೇ ಕಲಂ. ಒಪ್ಪದಿದ್ದರೆ 60 ದಿನದ ಒಳಗೆ ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿಗೆ ಅಪೀಲು, ನಮ್ಮ ತಾಲ್ಲೂಕಿಗೆ ಅದು ಮಧುಗಿರಿ. ಅಲ್ಲಿಂದ ಮೇಲೆ ಡಿ.ಸಿ. ಹಕ್ಕೇ ಬೇಕು ಅಂದರೆ ಸಿವಿಲ್ ದಾವೆ. ಹಣ್ಣುಕಾಯಿ ಮಾಡಿಸಿ ಕೂತ ಚಿಕ್ಕಮ್ಮನಿಗೆ ಆ 60 ದಿನದಲ್ಲಿ 22 ದಿನ ಸುಮ್ನೆ ಕಳೆದುಹೋಗಿತ್ತು.

ಈಗ ಪದಕ್ಕೆ ಬರೋಣ. ಕೋರ್ಟಿನವರು ಹೇಳುವ 'ಪೊಸೆಷನ್ ಅಂಡ್ ಎಂಜಾಯ್‌ಮೆಂಟ್' ಅನ್ನುವುದನ್ನು ಯಾರೋ ಗುಮಾಸ್ತರು ಸ್ವಾಧೀನಾನುಭವ ಅಂತ ಹೊಸೆದರು ಅಂತ ಒಬ್ಬ ವಕೀಲ ಸ್ನೇಹಿತರು ವಾದಿಸಿದರು. ಸಮಾಸ ಹಾಗೆ ಬಂದಿರಬಹುದು. ಅನುಭವ ಮಾತ್ರ ಹಾಗೆ ಬಂದದ್ದಲ್ಲ. ತುಮಕೂರು, ಕೋಲಾರದ ಕಡೆಯ ವಿಜಯನಗರ ಕಾಲದ ದಾನಶಾಸನಗಳನ್ನು ನೋಡಿ. ಊರನ್ನೋ ಗದ್ದೆಯನ್ನೋ ಕೊಟ್ಟು, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ, ಚಂದ್ರ ಸೂರ್ಯರು ಇರುವ ತನಕ, ಸುಖವಾಗಿ ಅನುಭವಿಸಿಕೊಂಡು ಬನ್ನಿ ಅನ್ನುವ ಧಾಟಿಯ ಮಾತು ಮತ್ತೆ ಮತ್ತೆ ಸಿಗುತ್ತದೆ. ಅಲ್ಲಿ ಅನುಭವಿಸು ಅಂದರೆ ಫಲ ಉಣ್ಣು ಅಂತ. ಉಂಬಳಿ (ದಾನವಾಗಿಯೋ ಸೇವೆಗೋ ಬಿಟ್ಟುಕೊಟ್ಟ ಜಮೀನು) ಅನ್ನುವ ನಮ್ಮ ಪದದೊಳಗೂ ಅದೇ 'ಉಣ್' ಇದೆ. ಮನೆ ಭೋಗ್ಯಕ್ಕೆ ಹಾಕೋದು ಅಂತೀವಲ್ಲ, ಆ ಭೋಗವೂ ಇದೇ ಜಾತಿ. "ಆಸ್ತಿ ಇದ್ದರೆ ಸಾಲದು, ಅನುಭವಿಸೋ ಯೋಗ ಬೇಕು" ಅಂತ ಅಜ್ಜಿ ಹೇಳುತ್ತಿದ್ದಾಗ ಅವರಿಗೆ ಈ ಅರ್ಥ ಚೆನ್ನಾಗಿ ಗೊತ್ತಿತ್ತು. ಪಾಠ ಕಲಿಯುವ 'ಅನುಭವ' ನಮ್ಮ ಕಿವಿಯಲ್ಲಿ ಜಾಸ್ತಿ ಆಗಿ ಇದು ಮಂಕಾಗಿದೆ ಅಷ್ಟೆ.

ಜಮೀನಿನ ಮಟ್ಟಿಗೆ ಈ ಪದಕ್ಕೆ ಭಾರ ಬಂದದ್ದು 1974ರಲ್ಲಿ ಅಂತ ನನ್ನ ಅನಿಸಿಕೆ. ಭೂ ಸುಧಾರಣೆಯಲ್ಲಿ ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರರು ಜಮೀನು ತಮಗೇ ಕೊಡಿ ಅಂತ ಫಾರಂ 7 ಅನ್ನುವ ಅರ್ಜಿ ತುಂಬಿದರು. ಅನುಭವ ಯಾರದು ಅನ್ನುವುದರ ಮೇಲೆ ಹಕ್ಕೇ ನಿಂತಿತು. ಊರಿನ ಹಿರಿಯರ ತಲೆಯಲ್ಲಿ ಆ ಲೆಕ್ಕ ಇನ್ನೂ ಹಾಗೇ ಕೂತಿದೆ. "ಅನುಭವ ನಿಮ್ದೇ" ಅಂದರೆ ಹೊಲ ನಿಮ್ದೇ ಅಂತ ಅವರಿಗೆ ಕೇಳಿಸುವುದು ಅದಕ್ಕೇ ಇರಬೇಕು. ಅಣ್ಣತಮ್ಮಂದಿರ ಭಾಗದ ಜಗಳಕ್ಕೆ ಆ ಲೆಕ್ಕ ನಡೆಯಲ್ಲ. ಜಂಟಿ ಆಸ್ತಿಯಲ್ಲಿ ಒಬ್ಬರು ಉತ್ತರೆ ಉಳಿದವರ ಪಾಲೇನೂ ಕರಗುವುದಿಲ್ಲ.

ಸ್ವಾಧೀನ ಅನ್ನುವುದು ನನಗೆ ಅಷ್ಟು ಹಿಡಿಸದ ಪದ. ಭೂಸ್ವಾಧೀನ ಅಂದರೆ ಸರ್ಕಾರ ಕಿತ್ತುಕೊಳ್ಳುವುದು, ಸ್ವಾಧೀನದಲ್ಲಿದೆ ಅಂದರೆ ರೈತನ ಕೈಯಲ್ಲಿರುವುದು. ಒಂದೇ ಪದ ಎರಡು ಕಡೆಗೂ ಸಾಕ್ಷಿ ಹೇಳಿದರೆ ಹೇಗೆ?

ನನ್ನ ಪ್ರಶ್ನೆ ಇಷ್ಟು. ಧಾರವಾಡ, ಬೆಳಗಾವಿ ಕಡೆಯ ಪತ್ರಗಳಲ್ಲಿ ಕಬ್ಜಾ, ವಹಿವಾಟು ಅಂತ ನೋಡಿದ್ದೇನೆ. ಅಲ್ಲಿ ಕಬ್ಜಾ ಬೇರೆ, ವಹಿವಾಟು ಬೇರೆಯೋ, ಇಲ್ಲಾ ಜೋಡುಪದವೋ? ಮಂಗಳೂರಿನ ಕಡೆಯವರು ಇದೇ ಸಂದರ್ಭಕ್ಕೆ ಏನಂತೀರಿ? ಕೋಲಾರದವರು ಯಾರಾದರೂ ಇದ್ದರೆ ಇನ್ನೊಂದು: ನಿಮ್ಮಲ್ಲಿ ತೆಲುಗು ಮನೆಮಾತಿನ ಊರುಗಳಲ್ಲೂ ಅನುಭವ ಅಂತಲೇ ಅಂತಾರಾ?

ಚಿಕ್ಕಮ್ಮನ ಅಪೀಲು ಹೋದ ವಾರ ಹಾಕಿದೆವು. ವಕೀಲರ ಕರಡಿನ ಮೊದಲ ಸಾಲಲ್ಲೇ ಸ್ವಾಧೀನಾನುಭವ ಇತ್ತು. ಅದಕ್ಕೇನಂತ ಅರ್ಥ ಅಂತ ಚಿಕ್ಕಮ್ಮ ಸಹಿ ಹಾಕುವ ಮುಂಚೆ ಎರಡು ಸಲ ಕೇಳಿಸಿಕೊಂಡರು.