ಕನ್ನಡ ವಿಕಿಪೀಡಿಯದ ವ್ಯಕ್ತಿಪರಿಚಯ ಲೇಖನಗಳಲ್ಲಿ ಗೌರವರೂಪ, ಕೊಂಡಿ ಮತ್ತು ಶೀರ್ಷಿಕೆ: ಯಾವ ಪದ್ಧತಿ ಸರಿ?

ಪ್ರಶ್ನೆ

ನಮಸ್ಕಾರ. ಕನ್ನಡ ವಿಕಿಪೀಡಿಯದಲ್ಲಿ ಸಾಹಿತಿಗಳ ಮತ್ತು ಅರಸರ ಕುರಿತ ಲೇಖನಗಳನ್ನು ತಿದ್ದುವ ಕೆಲಸವನ್ನು ಇತ್ತೀಚೆಗೆ ಕೈಗೆತ್ತಿಕೊಂಡಿದ್ದೇನೆ. ಒಂದೇ ಲೇಖನದ ಮೊದಲ ಪ್ಯಾರಾದಲ್ಲಿ ‘ಜನಿಸಿದನು’ ಎಂದಿದ್ದರೆ ಮುಂದಿನ ಪ್ಯಾರಾದಲ್ಲಿ ‘ಆಳಿದರು’ ಎಂದಿರುತ್ತದೆ. ಸಾಹಿತಿಗಳ ಹೆಸರಿಗೆ ‘ಶ್ರೀ’, ‘ಡಾ.’, ‘ಮಹಾನ್ ಕವಿ’ ಮುಂತಾದವು ಅಂಟಿಕೊಂಡಿರುತ್ತವೆ. ಅವನ್ನು ತೆಗೆದರೆ ಅಗೌರವವಾಯಿತೆಂದು ಬೇರೆ ಸಂಪಾದಕರು ಮರಳಿ ಸೇರಿಸುತ್ತಾರೆ. ಕೊಂಡಿಗಳ ವಿಷಯದಲ್ಲೂ ತೊಡಕಿದೆ: ‘ಮೈಸೂರಿನಲ್ಲಿ’ ಎಂಬ ಪದವನ್ನು ಹಾಗೆಯೇ ಕೊಂಡಿಯ [[ ]] ಆವರಣದಲ್ಲಿಟ್ಟರೆ, ಆ ಹೆಸರಿನ ಪುಟವಿಲ್ಲವೆಂದು ತೋರಿಸುವ ಕೆಂಪು ಕೊಂಡಿ ಮೂಡುತ್ತದೆ. ಇಂಗ್ಲಿಷ್ ವಿಕಿಪೀಡಿಯದ ಶೈಲಿ ಕೈಪಿಡಿಯನ್ನೇ ಅನುಸರಿಸಿದರೆ ಸಾಕೆ, ಅಥವಾ ಕನ್ನಡಕ್ಕೆ ಬೇರೆ ಪದ್ಧತಿ ಬೇಕೆ?

ಉತ್ತರ 1

ಆ ಕೈಪಿಡಿಯ ತತ್ತ್ವಗಳು ನಮಗೂ ಸಲ್ಲುತ್ತವೆ, ಆದರೆ ಅದರ ಎಲ್ಲ ನಿಯಮಗಳೂ ಸಲ್ಲುವುದಿಲ್ಲ. ದೊಡ್ಡಕ್ಷರ, ಚಿಕ್ಕಕ್ಷರಗಳ ಬಗ್ಗೆ ಅಲ್ಲಿರುವ ದೀರ್ಘ ಸೂಚನೆಗಳಿಗೆ ಕನ್ನಡದಲ್ಲಿ ಕೆಲಸವೇ ಇಲ್ಲ; ಗೌರವ ಬಹುವಚನದ ಬಗ್ಗೆ ಅಲ್ಲಿ ಹೇಳಬೇಕಾದ ಪ್ರಮೇಯವೇ ಬರುವುದಿಲ್ಲ.

ಗೌರವವನ್ನು ಕ್ರಿಯಾಪದ ತೋರಿಸಲಿ, ವಿಶೇಷಣಗಳು ಬೇಡ ಎಂಬುದು ನನ್ನ ನಿಲುವು. ‘ಕುವೆಂಪು (29 ಡಿಸೆಂಬರ್ 1904 – 11 ನವೆಂಬರ್ 1994) ಕನ್ನಡದ ಕವಿ, ಕಾದಂಬರಿಕಾರರು ಮತ್ತು ನಾಟಕಕಾರರು’ ಎಂಬ ಮೊದಲ ವಾಕ್ಯದಲ್ಲಿ ಗೌರವಕ್ಕೆ ಯಾವ ಕೊರತೆಯೂ ಇಲ್ಲ. ‘ರಾಷ್ಟ್ರಕವಿ’ ಎಂಬುದು ಅವರಿಗೆ 1964ರಲ್ಲಿ ಸಂದ ಬಿರುದಾದ್ದರಿಂದ, ಪ್ರಶಸ್ತಿಗಳ ವಿಭಾಗದಲ್ಲಿ ಉಲ್ಲೇಖದೊಂದಿಗೆ ಬರಲಿ. ಪ್ರತಿ ವಾಕ್ಯದಲ್ಲೂ ಹೆಸರಿನ ಜೊತೆ ಬರುವುದು ಬೇಡ. ‘ಮಹಾನ್’ ಎಂಬುದಾದರೋ ಬರೆಯುವವರ ಅಭಿಪ್ರಾಯ. ಅದರ ಬದಲು, 1967ರ ಜ್ಞಾನಪೀಠ ಪ್ರಶಸ್ತಿಯನ್ನು ಗುಜರಾತಿಯ ಉಮಾಶಂಕರ ಜೋಶಿಯವರೊಂದಿಗೆ ಹಂಚಿಕೊಂಡರು ಎಂದು ಬರೆದರೆ, ಹಿರಿಮೆಯನ್ನು ಓದುಗರೇ ತಿಳಿದುಕೊಳ್ಳುತ್ತಾರೆ.

ಪ್ರಾಚೀನ ಅರಸರಿಗೆ ನಮ್ಮ ಇತಿಹಾಸ ಗ್ರಂಥಗಳಲ್ಲಿ ಏಕವಚನವೇ ರೂಢಿ: ‘ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಸೋಲಿಸಿದನು’. ಬಸವಣ್ಣನವರ ವಿಷಯದಲ್ಲಿ ಹಾಗೆ ಬರೆದರೆ ಯಾರ ಕಿವಿಗೂ ಒಗ್ಗುವುದಿಲ್ಲ. ಆದ್ದರಿಂದ ಕಾಲವನ್ನು ನೋಡಿ ಒಂದೇ ನಿಯಮ ಮಾಡಲಾಗದು. ಲೇಖನದೊಳಗೆ ಮೊದಲಿನಿಂದ ಕೊನೆಯವರೆಗೆ ಒಂದೇ ರೂಪವಿರಬೇಕು, ಬದಲಿಸುವ ಮುನ್ನ ಚರ್ಚೆ ಪುಟದಲ್ಲಿ ತಿಳಿಸಬೇಕು. ಹಲವು ಲೇಖನಗಳಿಗೆ ಅನ್ವಯಿಸುವ ಬದಲಾವಣೆಯಾದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ ಅರಳಿ ಕಟ್ಟೆಯಲ್ಲಿ ಪ್ರಸ್ತಾಪಿಸಿರಿ.

ಉತ್ತರ 2

ಕೊಂಡಿಯ ಬಗ್ಗೆ ಹೇಳುತ್ತೇನೆ. ‘ಕರ್ನಾಟಕದಲ್ಲಿ’ ಎಂಬಲ್ಲಿ ಮೂಲ ಹೆಸರು ಮಾರ್ಪಡದೆ ಉಳಿಯುವುದರಿಂದ [[ಕರ್ನಾಟಕ]]ದಲ್ಲಿ ಎಂದು ಪ್ರತ್ಯಯವನ್ನು ಹೊರಗಿಡಬಹುದು. ‘ಮೈಸೂರಿನಲ್ಲಿ’ ಎಂಬಲ್ಲಿ ಕೊನೆಯ ಉಕಾರವೇ ಲೋಪವಾಗುವುದರಿಂದ [[ಮೈಸೂರು|ಮೈಸೂರಿನಲ್ಲಿ]] ಎಂದು ನಡುವೆ ಗೆರೆ ಹಾಕಿ ಬರೆಯಲೇಬೇಕು. ಕೊಂಡಿ ಸುಲಭವಾಗಲೆಂದು ‘ಮೈಸೂರು ನಲ್ಲಿ’ ಎಂದು ಪದವನ್ನು ಒಡೆಯುವವರಿದ್ದಾರೆ. ತಂತ್ರಾಂಶದ ಅನುಕೂಲಕ್ಕಾಗಿ ಭಾಷೆಯನ್ನು ಕೆಡಿಸುವುದನ್ನು ನಾನು ಒಪ್ಪಲಾರೆ.

ಶೀರ್ಷಿಕೆಗಳಲ್ಲಿ ಕಣ್ಣಿಗೆ ಕಾಣದ ಇನ್ನೊಂದು ತೊಡಕಿದೆ. ‘ಫೇಸ್‌ಬುಕ್’ ಎಂದು ಒತ್ತಕ್ಷರವಾಗದಂತೆ ಬರೆಯಲು ನಡುವೆ ಒಂದು ಅದೃಶ್ಯ ಅಕ್ಷರವನ್ನು ಒತ್ತಬೇಕಾಗುತ್ತದೆ. ಅದಿಲ್ಲದಿದ್ದರೆ ‘ಫೇಸ್ಬುಕ್’ ಎಂದಾಗುತ್ತದೆ. ಓದುವವರಿಗೆ ಪದ ಒಂದೇ ಆದರೂ ವಿಕಿಗೆ ಇವು ಎರಡು ಬೇರೆ ಶೀರ್ಷಿಕೆಗಳು. ಹೊಸ ಲೇಖನ ಆರಂಭಿಸುವ ಮುನ್ನ ಎರಡೂ ರೂಪಗಳನ್ನು ಹುಡುಕಿ ನೋಡಿ, ಒಂದನ್ನು ತೆರೆದರೆ ಇನ್ನೊಂದಕ್ಕೆ ಹೋಗುವಂತೆ ಪುನರ್ನಿರ್ದೇಶನ ಮಾಡಿಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಊರಿನ ಹೆಸರುಗಳ ಬಗ್ಗೆ ಇನ್ನೊಂದು ಸಂದೇಹವಿದೆ. ಹಳೆಯ ಲೇಖನಗಳಲ್ಲಿರುವ ‘ಗುಲ್ಬರ್ಗಾ’ವನ್ನೆಲ್ಲ ‘ಕಲಬುರಗಿ’ ಎಂದು ಒಟ್ಟಿಗೆ ಬದಲಿಸಬಹುದೆ?

ಉತ್ತರ 3

ದಯವಿಟ್ಟು ಒಟ್ಟಿಗೆ ಬದಲಿಸಬೇಡಿ. 2014ರ ನವೆಂಬರ್ 1ರಂದು ಹೆಸರು ಅಧಿಕೃತವಾಗಿ ಬದಲಾದ್ದರಿಂದ ಊರಿನ ಲೇಖನಕ್ಕೆ ‘ಕಲಬುರಗಿ’ ಎಂಬ ಶೀರ್ಷಿಕೆಯೇ ಸರಿ. ಆದರೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರು ಹಾಗೆಯೇ ಉಳಿದಿದೆ. ಉದ್ಧರಣೆಗಳಲ್ಲೂ ಹಳೆಯ ಪುಸ್ತಕಗಳ ಶೀರ್ಷಿಕೆಗಳಲ್ಲೂ ಮೂಲದಲ್ಲಿದ್ದುದನ್ನು ಮುಟ್ಟುವಂತಿಲ್ಲ. ರಾಜ್ಯದ ಹೆಸರಿಗೂ ಇದೇ ಎಚ್ಚರ ಬೇಕು: 1973ರ ನವೆಂಬರ್ 1ಕ್ಕೆ ಮೊದಲಿನ ಸಂಗತಿಯನ್ನು ಬರೆಯುವಾಗ ‘ಮೈಸೂರು ರಾಜ್ಯ ಸರ್ಕಾರ’ ಎಂದೇ ಇರಲಿ. ಹುಡುಕಿ ಬದಲಿಸುವ ಸಾಧನವು ಈ ವ್ಯತ್ಯಾಸಗಳನ್ನು ಅರಿಯದು. ಪ್ರತಿಯೊಂದು ಸ್ಥಳವನ್ನೂ ಓದಿಯೇ ತಿದ್ದಬೇಕು.